ಅಕ್ಕನ ಕೈಯಲ್ಲಿದ್ದ ಹೂದಾನಿ

ನಮ್ಮಕ್ಕ ಇಷ್ಟು ವರ್ಷದ ಕೆಲಸದಲ್ಲಿ ಒಂದು ತಟ್ಟೆಯ ಅಂಚನ್ನೂ ಮುಕ್ಕು ಮಾಡಿದವಳಲ್ಲ. ಅವಳಾಗಿ ಇದನ್ನು ಎಲ್ಲೂ ಹೇಳಿಕೊಳ್ಳುವುದಿಲ್ಲ. ಹೇಳಿಕೊಳ್ಳುವ ಅಗತ್ಯವೂ ಇಲ್ಲ, ಭಾವ ಊರಿಗೆಲ್ಲ ಡಂಗುರ ಹೊಡೆಯುತ್ತಾರೆ. ಹಳೆಯ ಪಿಂಗಾಣಿ ಸಾಮಾನನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ, ಮನೆಯಿಂದ ಮ್ಯೂಸಿಯಂಗೆ ಸಾಗಿಸುವುದು ನಮ್ಮ ಮೂವರ ಉದ್ಯೋಗ. ಭಾವ ವ್ಯಾನ್ ಓಡಿಸುತ್ತಾರೆ. ನಾನು ಮತ್ತು ಅಕ್ಕ ಎತ್ತುತ್ತೇವೆ, ಇಳಿಸುತ್ತೇವೆ, ಪೆಟ್ಟಿಗೆಯಲ್ಲಿ ಕೂರಿಸುತ್ತೇವೆ. 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂದು ವ್ಯಾನಿನ ಬೆನ್ನಿಗೆ ಬರೆಸಬೇಕೆಂದು ಭಾವನಿಗೆ ಬಹಳ ಆಸೆಯಿತ್ತು. ಗಿರಾಕಿಗಳು ಓದಿದರೆ ಎದೆ ಒಡೆದುಕೊಂಡು ಸಾಯುತ್ತಾರೆ, ಬೇಡ ಎಂದು ಅಕ್ಕ ತಡೆದಳು.

ನನಗೆ ಕೆಲಸ ಕಲಿಸಿದವಳು ಅವಳೇ. ಕಲಿಸಿದಳು ಎಂದರೆ ಬೈದಳು ಎಂದರ್ಥ. ಉಂಗುರ, ಬಳೆ, ವಾಚು ಏನೂ ಕೈಯಲ್ಲಿರಬಾರದು. ಕೈಗವಸು ಹಾಕಬಾರದು, ಗಾಜಿನಂಥ ಆ ನುಣುಪಿನ ಮೇಲೆ ಬಟ್ಟೆ ಜಾರುತ್ತದೆ, ಒಣಗಿದ ಬರಿಗೈಯೇ ಸರಿ. ಕತ್ತು ಹಿಡಿದು ಎತ್ತಬಾರದು, ಹಳೆಯ ಹೂದಾನಿಯ ಕತ್ತು ಯಾವ ಕಾಲದಲ್ಲೋ ಮುರಿದು ಅಂಟಿಸಿದ್ದಾಗಿರಬಹುದು. ಒಂದು ಕೈ ತಳಕ್ಕೆ, ಇನ್ನೊಂದು ಹೊಟ್ಟೆಗೆ. ಎಲ್ಲಕ್ಕಿಂತ ದೊಡ್ಡ ನಿಯಮ ಇನ್ನೊಂದಿದೆ. ವಸ್ತು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗ ಕೊಡುವವರು 'ಹಿಡಿದ್ಯಾ?' ಎಂದು ಕೇಳಬೇಕು. ತೆಗೆದುಕೊಳ್ಳುವವರು ಭಾರ ಪೂರ್ತಿ ತಮ್ಮ ಕೈಗೆ ಬಂದ ಮೇಲೆಯೇ 'ಹಿಡಿದೆ' ಎನ್ನಬೇಕು. ಆ ಮಾತು ಕಿವಿಗೆ ಬೀಳುವ ತನಕ ಕೊಡುವವರು ಬಿಡುವ ಹಾಗಿಲ್ಲ, ಆಕಾಶವೇ ಕಳಚಿ ಬಿದ್ದರೂ ಸರಿ.

ಅಕ್ಕನಿಗೆ ಇದು ಕೆಲಸದಲ್ಲಿ ಮಾತ್ರವಲ್ಲ, ಅಡುಗೆಮನೆಯಲ್ಲೂ ಹಾಗೇ. ಬಿಸಿ ಪಾತ್ರೆಯನ್ನು ನನ್ನ ಕೈಗೆ ಕೊಟ್ಟು, ನಾನು ಆ ಮಾತು ಹೇಳುವ ತನಕ ತಾನೂ ಹಿಡಿದೇ ಇರುತ್ತಾಳೆ, ಇಬ್ಬರ ಬೆರಳೂ ಸುಡುತ್ತವೆ. ನನ್ನ ಮಗಳು ಹುಟ್ಟಿದಾಗ ನರ್ಸು ಮಗುವನ್ನು ಅವಳ ಕೈಗಿಟ್ಟಳು. ಅಕ್ಕ ಗಂಭೀರವಾಗಿ "ಹಿಡಿದೆ" ಎಂದಳಂತೆ. ನರ್ಸು ನಕ್ಕು ನಕ್ಕು ಸುಸ್ತಾದಳಂತೆ. ಭಾವ ಇದನ್ನು ಹೇಳದ ನೆಂಟರಿಲ್ಲ.

ನಾನೋ, ಹುಟ್ಟಾ ಪುಕ್ಕಲು. ಹಲ್ಲಿ ಲೊಚಗುಟ್ಟಿದರೂ ಬೆಚ್ಚುವವಳು. ಆದರೆ ಪಕ್ಕದಲ್ಲಿ ಅಕ್ಕ ಇದ್ದರೆ ಕಣ್ಣು ಕಟ್ಟಿಕೊಂಡು ಬೇಕಾದರೂ ಏಣಿ ಹತ್ತುತ್ತಿದ್ದೆ. ಅವಳ ಕೈಯ ಮೇಲೆ ನನಗೆ ಅಷ್ಟು ನಂಬಿಕೆ.

ಭೂಮಿ ನಡುಗಿದ ಮರುದಿನ ಬೆಳಿಗ್ಗೆ ಕಣ್ಣಿನ ಡಾಕ್ಟರಮ್ಮನ ಫೋನ್ ಬಂತು. ಅವರು ಕೆಲಸದಿಂದ ನಿವೃತ್ತರಾಗಿ ಒಬ್ಬರೇ ಇರುವ ಹೆಂಗಸು. ಮೇಲಿನ ಮಹಡಿಯ ಓದುವ ಕೋಣೆಯಲ್ಲಿ ಅವರದೊಂದು ಜೋಡಿ ಹೂದಾನಿ ಇತ್ತು, ನೀಲಿ ಬಿಳಿ ಚೀನಾ ಪಿಂಗಾಣಿ. ನಮ್ಮ ಮುತ್ತಜ್ಜಿಯ ಮುತ್ತಜ್ಜಿ ಹುಟ್ಟುವ ಮೊದಲೇ ಯಾವುದೋ ಆವಿಗೆಯಲ್ಲಿ ಬೆಂದು, ಹಡಗು ಹತ್ತಿ ಬಂದವು. ಹಿಂದೊಮ್ಮೆ ಪ್ರದರ್ಶನಕ್ಕೆ ಒಯ್ದು ವಾಪಸು ತಂದಿಟ್ಟವರು ನಾವೇ. ಈಗ ಮನೆಯ ಗೋಡೆ ಬಿರುಕು ಬಿಟ್ಟಿದೆ, ಯಾರನ್ನೂ ಒಳಗೆ ಬಿಡುತ್ತಿಲ್ಲ, ಆದರೂ ಒಮ್ಮೆ ಬಂದು ನೋಡುತ್ತೀರಾ ಎಂದು ಡಾಕ್ಟರಮ್ಮ ಅಂಜುತ್ತಲೇ ಕೇಳಿದರು.

ಹೋಗಬಾರದು ಎಂದು ನಾನು ಹೇಳಿದೆ. ನಡುಗಿದ ಭೂಮಿ ಒಂದೇ ಸಲಕ್ಕೆ ಸುಮ್ಮನಾಗುವುದಿಲ್ಲ, ಮತ್ತೆ ಮತ್ತೆ ಮೈ ಕೊಡವುತ್ತದೆ ಎಂದು ರೇಡಿಯೋದಲ್ಲಿ ಹೇಳುತ್ತಲೇ ಇದ್ದರು. ರಾತ್ರಿಯೆಲ್ಲ ನಾವು ಮಗಳನ್ನು ನಡುವೆ ಹಾಕಿಕೊಂಡು ವ್ಯಾನಿನಲ್ಲೇ ಮಲಗಿದ್ದೆವು. ಅಕ್ಕ ಉಂಗುರ ಬಿಚ್ಚಿ ಭಾವನ ಜೇಬಿಗೆ ಹಾಕಿದಳು. ಅವಳು ಉಂಗುರ ಬಿಚ್ಚಿದಳೆಂದರೆ ಚರ್ಚೆ ಮುಗಿಯಿತು.

ಮಗಳನ್ನು ನನ್ನ ಗಂಡನ ಬಳಿ ಬಿಟ್ಟು ಹೊರಟೆವು. ಡಾಕ್ಟರಮ್ಮನ ಗೇಟಿಗೆ ಹಳದಿ ಟೇಪು ಸುತ್ತಿತ್ತು. ಅಲ್ಲಿ ನಿಂತ ಅಗ್ನಿಶಾಮಕ ದಳದವನು ಮೊದಲು ಆಗುವುದೇ ಇಲ್ಲ ಎಂದ. ಅವನ ತಾಯಿಯ ಕಣ್ಣಿನ ಪೊರೆ ತೆಗೆದವರು ಡಾಕ್ಟರಮ್ಮ. ಅವರು ಬಾಯಿಬಿಟ್ಟು ಕೇಳಲಿಲ್ಲ, ಸುಮ್ಮನೆ ರಸ್ತೆಯಂಚಿನಲ್ಲಿ ಚಪ್ಪಲಿಯಿಲ್ಲದೆ ಕೂತಿದ್ದರು. ಅವನೇ ಕರಗಿದ. ಬೇಗ ಹೋಗಿ ಬೇಗ ಬನ್ನಿ, ನೆಲ ಸ್ವಲ್ಪ ಅಲುಗಿದರೂ ಇದ್ದದ್ದು ಇದ್ದಲ್ಲೇ ಬಿಟ್ಟು ಓಡಿ ಬರಬೇಕು ಎಂದು ನಮಗಿಬ್ಬರಿಗೂ ಹೆಲ್ಮೆಟ್ ಕೊಟ್ಟ. ಇದ್ದದ್ದು ಇದ್ದಲ್ಲೇ ಬಿಟ್ಟು ಎಂದಾಗ ನಾನು ಅಕ್ಕನ ಮುಖ ನೋಡಿದೆ. ಅವಳು ಹೆಲ್ಮೆಟ್ಟಿನ ಪಟ್ಟಿ ಕಟ್ಟಿಕೊಳ್ಳುತ್ತಿದ್ದಳು.

ಮನೆಯೊಳಗೆ ಸುಣ್ಣದ ವಾಸನೆ. ಮೆಟ್ಟಿಲಿನ ಮೇಲೆ ಹೆಜ್ಜೆ ಇಟ್ಟರೆ ಕಾಲ ಕೆಳಗೆ ಮರಳು ಉಜ್ಜಿದ ಸದ್ದು. ಗೋಡೆಯ ಬಿರುಕು ಕೆಳಗಿನಿಂದ ಮೇಲಿನ ತನಕ ನಮ್ಮ ಜೊತೆಯಲ್ಲೇ ಮೆಟ್ಟಿಲು ಹತ್ತಿತು. ಓದುವ ಕೋಣೆಯಲ್ಲಿ ಪುಸ್ತಕಗಳೆಲ್ಲ ನೆಲಕ್ಕೆ ಸುರಿದಿದ್ದವು. ಎತ್ತರದ ಮರದ ಬೀರುವಿನ ನೆತ್ತಿಯ ಮೇಲೆ ಆ ಎರಡು ಹೂದಾನಿಗಳು ಮಾತ್ರ ಏನೂ ಆಗದವರಂತೆ ನಿಂತಿದ್ದವು. ಹಿಂದಿನ ಸಲ ನಾವೇ ಹೊಟ್ಟೆಯೊಳಗೆ ಮರಳಿನ ಚೀಲ ಇಟ್ಟು, ತಳಕ್ಕೆ ಮೇಣ ಹಚ್ಚಿ ಕೂರಿಸಿದ್ದರಿಂದ ಉಳಿದಿದ್ದವು. ಎದೆಗೊತ್ತಿ ಹಿಡಿದರೆ ಗಲ್ಲಕ್ಕೆ ಮುಟ್ಟುವಷ್ಟು ಎತ್ತರ. ಆ ಬಿಳುಪು ಹಾಲಿನ ಬಿಳುಪಲ್ಲ, ಹಾಲಿಗೆ ನೀರು ಬೆರೆಸಿದಾಗ ಬರುತ್ತದಲ್ಲ, ತುಸು ನೀಲಿ ಬೆರೆತ ಬಿಳುಪು. ಅದರ ಮೇಲೆ ನೀಲಿಯಲ್ಲಿ ಬೆಟ್ಟ, ಹೊಳೆ, ಸೇತುವೆ ದಾಟುತ್ತಿರುವ ಒಬ್ಬ ಮುದುಕ. ಭಯದಲ್ಲೂ ಅದು ಚೆಂದ ಕಂಡಿತು ಎಂಬುದನ್ನು ಹೇಳದಿದ್ದರೆ ಸುಳ್ಳಾಗುತ್ತದೆ.

ನಾನು ಏಣಿ ಹತ್ತಿ, ಮರಳಿನ ಚೀಲ ತೆಗೆದು, ದಾರದಿಂದ ಮೇಣ ಕೊಯ್ದು ಮೊದಲನೆಯದನ್ನು ಇಳಿಸಿದೆ. ಅಕ್ಕ ಕೆಳಗಿನಿಂದ ತೆಗೆದುಕೊಂಡಳು. ಕೇಳಿದೆ, ಹಿಡಿದೆ ಎಂದಳು, ಬಿಟ್ಟೆ. ಪೆಟ್ಟಿಗೆಗೆ ಹಾಕಿ ಇಬ್ಬರೂ ಸೇರಿ ಕೆಳಗೆ ಒಯ್ದು ವ್ಯಾನಿಗೆ ಏರಿಸಿದೆವು. ಒಂದು ಸಾಕು ಎಂದು ಡಾಕ್ಟರಮ್ಮ ಆಗಲೇ ಹೇಳಿದರು. ನಾನು ಅವರ ಮಾತಿಗೆ ಜೋತುಬಿದ್ದೆ. ಜೋಡಿಯಲ್ಲಿ ಒಂದನ್ನೇ ತಂದರೆ ಅದು ತಂದಂತಲ್ಲ ಎಂದು ಅಕ್ಕ ಇನ್ನೊಂದು ಪೆಟ್ಟಿಗೆ ಎತ್ತಿಕೊಂಡು ನಡೆದಳು. ನಾನು ಮನಸ್ಸಿನಲ್ಲೇ ಬೈಯುತ್ತ ಹಿಂದೆ ಹೋದೆ. ಮೆಟ್ಟಿಲು ಹತ್ತುವಾಗ ಅಲುಗುತ್ತಿದ್ದುದು ನಾನೋ ಮನೆಯೋ ಗೊತ್ತಾಗಲಿಲ್ಲ.

ಎರಡನೆಯದೂ ಸರಿಯಾಗಿಯೇ ಇಳಿಯಿತು. ಅಕ್ಕ ಹಿಡಿದೆ ಎಂದಳು. ನಾನು ಬಿಟ್ಟೆ. ಅವಳು ಬಾಗಿಲ ಪಕ್ಕದ ಪೆಟ್ಟಿಗೆಯ ಕಡೆಗೆ ತಿರುಗಿದಳು. ನಾನು ಏಣಿ ಇಳಿಯುತ್ತ ಕೊನೆಯ ಮೆಟ್ಟಿಲಲ್ಲಿದ್ದೆ.

ಮೊದಲು ಬಂದದ್ದು ಸದ್ದು, ನೆಲದಡಿಯಲ್ಲಿ ಭಾರದ ಲಾರಿಯೊಂದು ಹೋದ ಹಾಗೆ. ಆಮೇಲೆ ಕೋಣೆ ಒಂದು ಪಕ್ಕಕ್ಕೆ ಜಗ್ಗಿತು. ಏಣಿ ಜಾರಿತು, ಬೀರು ವಾಲಿತು, ಅದು ನನ್ನ ಮೇಲೆ ಬರುವುದನ್ನು ನಾನು ಕಣ್ಣಾರೆ ನೋಡಿದೆ. ಬಿದ್ದ ಮೇಲೆ ನಾನು ಗೋಡೆಗೆ ಒರಗಿ ಕೂತಂತೆ ಇದ್ದೆ. ತೊಡೆಗಳ ಮೇಲೆ ಬೀರು. ಬಲ ಮಣಿಕಟ್ಟು ನನ್ನದಲ್ಲವೆಂಬಂತೆ ತಿರುಗಿಕೊಂಡಿತ್ತು. ಕಣ್ಣು, ಮೂಗು, ಬಾಯಿ ತುಂಬ ಸುಣ್ಣದ ಧೂಳು.

ಧೂಳು ಇಳಿದಾಗ ಅಕ್ಕ ಕಂಡಳು. ಬಾಗಿಲ ಚೌಕಟ್ಟಿನ ಕೆಳಗೆ ನಿಂತಿದ್ದಳು. ಮೈಗೆ ಒಂದು ಗೀರೂ ಇಲ್ಲ. ಎದೆಗೊತ್ತಿಕೊಂಡ ಹೂದಾನಿಗೂ ಏನೂ ಆಗಿರಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು. ಅಕ್ಕ ಇದ್ದಾಳೆ, ಇನ್ನೇನು ಬರುತ್ತಾಳೆ ಎಂದುಕೊಂಡೆ.

ಬರಲಿಲ್ಲ. ನಿಂತೇ ಇದ್ದಳು.

ತಲೆಯೆತ್ತಿ ನೋಡಿದೆ. ನನ್ನ ನೆತ್ತಿಯ ಮೇಲೆ ಸೂರಿನ ಒಂದು ದೊಡ್ಡ ತುಂಡು ಕಂಬಿಗಳಿಗೆ ಜೋತುಬಿದ್ದು ತೂಗುತ್ತಿತ್ತು. ಅದರಿಂದ ಸಣ್ಣ ಸಣ್ಣ ಚೂರು ನನ್ನ ಹೆಲ್ಮೆಟ್ಟಿನ ಮೇಲೆ ಟಪ್ ಟಪ್ ಎಂದು ಉದುರುತ್ತಿತ್ತು. ಆಗ ಬಂದ ಭಯವನ್ನು ಹೇಗೆ ಹೇಳಲಿ? ಮಗಳ ಮುಖವನ್ನು ನೆನೆಸಿಕೊಳ್ಳಲು ನೋಡಿದೆ, ಅದೂ ಬರಲಿಲ್ಲ. ಆ ತುಂಡೊಂದೇ ಕಣ್ಣಲ್ಲಿತ್ತು.

ಕೆಳಗಿನಿಂದ ಭಾವ ಕೂಗುತ್ತಿದ್ದರು. ಅಗ್ನಿಶಾಮಕದವನೂ ಕೂಗುತ್ತಿದ್ದ. ಮೆಟ್ಟಿಲಿನ ಬುಡಕ್ಕೆ ಗೋಡೆಯ ಚೂರು ಬಿದ್ದಿದೆ, ಅದನ್ನು ಸರಿಸುತ್ತಿದ್ದೇವೆ, ಅಲುಗಾಡಬೇಡಿ ಎಂಬುದು ಅರ್ಧಂಬರ್ಧ ಕೇಳಿಸಿತು. ಅವರು ಬರುವ ತನಕ ಸೂರಿನ ತುಂಡು ಕಾಯುವ ಹಾಗೆ ಕಾಣಲಿಲ್ಲ. ಅವರು ಬೇಕಾಗಿಯೂ ಇರಲಿಲ್ಲ. ಬೀರು ಖಾಲಿಯಾಗಿತ್ತು. ಅಕ್ಕ ಮುರಿದುಬಿದ್ದ ಏಣಿಯ ಕೋಲನ್ನು ಅಡಿಗೆ ಕೊಟ್ಟು ಒಮ್ಮೆ ಮೀಟಿದ್ದರೆ ನಾನು ಈಚೆ ಬರುತ್ತಿದ್ದೆ. ದಿನಾ ಅದಕ್ಕಿಂತ ಭಾರದ ಪೆಟ್ಟಿಗೆಗಳನ್ನು ಎತ್ತುವವಳು ಅವಳು.

ಅಕ್ಕ, ಅದನ್ನು ಕೆಳಗಿಟ್ಟು ಬಾ ಎಂದೆ.

ಅವಳು ನೆಲ ನೋಡಿದಳು. ನಿಧಾನವಾಗಿ, ಒಂದು ಮೂಲೆಯಿಂದ ಇನ್ನೊಂದು ಮೂಲೆಯ ತನಕ ನೋಡಿದಳು. ನೆಲ ಓರೆಯಾಗಿತ್ತು. ಎಲ್ಲೆಲ್ಲೂ ಗಾಜು, ಗಾರೆ, ಪುಸ್ತಕ. ಪೆಟ್ಟಿಗೆ ಇಟ್ಟಿದ್ದ ಜಾಗದಲ್ಲಿ ಇಟ್ಟಿಗೆಯ ರಾಶಿ.

"ಎಲ್ಲಿಡ್ಲಿ?" ಎಂದಳು.

ದನಿ ಮಾಮೂಲಿಯಾಗಿತ್ತು. ಯಾರದೋ ಮನೆಯಲ್ಲಿ ಸಾಮಾನು ಇಳಿಸುವಾಗ ಯಜಮಾನರನ್ನು ಕೇಳುವ ದನಿ. ಆ ದನಿ ಕೇಳಿ ನನ್ನ ಕೂದಲು ನಿಮಿರಿತು. ಎಲ್ಲಾದರೂ ಇಡು, ಬಿಸಾಕು, ನನ್ನ ಮೇಲೆ ಸೂರು ಬೀಳುತ್ತಿದೆ ಎಂದು ಅರಚಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಕೇಳಿಸುತ್ತಿತ್ತು, ಕಾಣಿಸುತ್ತಿತ್ತು, ಕಣ್ಣಿಂದ ನೀರು ಇಳಿದು ಸುಣ್ಣ ಹತ್ತಿದ ಕೆನ್ನೆಯ ಮೇಲೆ ಗೆರೆ ಎಳೆಯುತ್ತಿತ್ತು. ಆದರೆ ಎರಡು ಕೈಯೂ ಇದ್ದಲ್ಲೇ ಇದ್ದವು. ಒಂದು ತಳಕ್ಕೆ, ಒಂದು ಹೊಟ್ಟೆಗೆ.

"ಉರುಳುತ್ತೆ ಕಣೇ. ಎಲ್ಲಿಡ್ಲಿ ಹೇಳು."

ನೆಲ ಮತ್ತೆ ಸಣ್ಣಗೆ ಅದುರಿತು. ಸೂರಿನ ತುಂಡು ಒಂದು ಗೇಣು ಇಳಿಯಿತು, ಕಂಬಿ ಕಿರ್ರೆಂದಿತು. ನಾನು ಕಣ್ಣು ಮುಚ್ಚಿ, ಇಷ್ಟೇ, ಮುಗಿಯಿತು ಎಂದುಕೊಂಡೆ. ಹೀಗೆ ಸಾಯುವುದು ಎಂದುಕೊಂಡಾಗ ಭಯದ ಜೊತೆ ಕಡು ಕೋಪವೂ ಬಂತು. ಒಂದು ಮಡಕೆಗಾಗಿ! ಚೀನಾದ್ದಾದರೇನು, ಯಾವ ರಾಜನ ಕಾಲದ್ದಾದರೇನು, ಮಣ್ಣು ತಾನೇ. ಒಡಹುಟ್ಟಿದವಳು ಮಾರು ದೂರದಲ್ಲಿ ನಿಂತು ಜಾಗ ಹುಡುಕುತ್ತಿದ್ದಾಳೆ.

ಮತ್ತೆ ಅವಳ ಕೈ ನೋಡಿದೆ. ಬೆರಳ ಗೆಣ್ಣುಗಳು ಬಿಳುಪೇರಿದ್ದವು. ಮುಂಗೈಯ ನರಗಳು ಎದ್ದಿದ್ದವು. ಬಿಡಲು ಮನಸ್ಸಿಲ್ಲದವಳ ಕೈಯಲ್ಲ ಅದು, ಬಿಡಲು ಬಾರದವಳ ಕೈ. ಎಷ್ಟು ಅರಚಿದರೂ ಅದು ಬಿಚ್ಚುವುದಿಲ್ಲವೆಂದು ನನಗೆ ತಿಳಿದುಹೋಯಿತು. ಅದು ಯಾವ ಮಾತಿಗೆ ಬಿಚ್ಚುತ್ತದೆ ಎಂಬುದೂ ಆ ಕ್ಷಣವೇ ಹೊಳೆಯಿತು.

ಅರಚುವುದನ್ನು ನಿಲ್ಲಿಸಿದೆ. ಉಸಿರು ಎಳೆದುಕೊಂಡು, ದನಿ ನಡುಗದಂತೆ ನೋಡಿಕೊಂಡು, ಎಡಗೈಯನ್ನು ಅವಳು ಕಲಿಸಿದ ರೀತಿಯಲ್ಲೇ ಅಂಗೈ ಮೇಲಾಗಿ ಚಾಚಿದೆ. ಮುರಿದ ಬಲಗೈಯನ್ನೂ ಹೇಗೋ ಎತ್ತಿ ಪಕ್ಕಕ್ಕೆ ತಂದೆ. ನೋವಿಗೆ ಕಣ್ಣು ಕತ್ತಲಿಟ್ಟಿತು.

"ಕೊಡು ಅಕ್ಕ. ನಾನು ತಗೋತೀನಿ."

ಅವಳ ಮುಖ ಸಡಿಲವಾಯಿತು. ಇಷ್ಟು ಹೊತ್ತು ಯಾರೂ ಹೇಳದ ಒಂದು ಸರಿಯಾದ ಮಾತು ಕೊನೆಗೂ ಕೇಳಿಸಿತು ಎನ್ನುವ ಹಾಗೆ. ಗಾಜು, ಇಟ್ಟಿಗೆಗಳ ನಡುವೆ ಪಾದ ಹುಡುಕಿ ಹುಡುಕಿ ಇಡುತ್ತ, ತೂಗುತ್ತಿದ್ದ ಸೂರಿನ ತುಂಡಿನ ಕೆಳಗೇ ಬಂದಳು. ಮೇಲೆ ನೋಡಲೂ ಇಲ್ಲ. ಮೊಣಕಾಲೂರಿ ಕೂತು ಹೂದಾನಿಯನ್ನು ನನ್ನ ಕೈಗಳ ಕಡೆಗೆ ಇಳಿಸಿದಳು. ತಣ್ಣನೆಯ ತಳ ನನ್ನ ಎಡ ಅಂಗೈಗೆ ತಾಗಿತು. ಸೇತುವೆಯ ಮೇಲಿನ ಮುದುಕ ನನ್ನ ಮೂಗಿನ ತುದಿಯಲ್ಲಿದ್ದ.

"ಹಿಡಿದ್ಯಾ?"

ಹಿಡಿದಿರಲಿಲ್ಲ. ಭಾರವೆಲ್ಲ ಇನ್ನೂ ಅವಳ ಕೈಯಲ್ಲೇ ಇತ್ತು. ಕಷ್ಟಪಟ್ಟಿದ್ದರೆ ಎದೆಗಾನಿಸಿ ಹಿಡಿಯಬಹುದಿತ್ತೋ ಏನೋ. ಆದರೆ ಹಿಡಿದರೆ ಅವಳು ಮೊದಲು ನನ್ನನ್ನು ಎತ್ತುವುದಿಲ್ಲ, ಅದನ್ನು ಇಡಲು ಜಾಗ ಮಾಡುತ್ತಾಳೆ. ಅದು ನನಗೆ ಗೊತ್ತಿತ್ತು, ನಾನು ಅವಳಿಂದಲೇ ಕಲಿತವಳು.

"ಹಿಡಿದೆ," ಎಂದೆ.

ಅಕ್ಕ ಬಿಟ್ಟಳು. ನಾನು ಕೈ ತೆಗೆದೆ.

ಅದು ಬೀರುವಿನ ಅಂಚಿಗೆ ಬಡಿದು, ನೆಲಕ್ಕೆ ಬಿದ್ದು ಒಡೆಯಿತು. ಆ ಸದ್ದನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ. ಅಕ್ಕನ ಬಾಯಿಂದ ಒಂದು ಸಣ್ಣ ದನಿ ಹೊರಟಿತು, ಚಳಿಯಲ್ಲಿ ಬರುವಂಥದ್ದು. ಚೂರುಗಳನ್ನು ನೋಡಿದಳು, ನನ್ನನ್ನು ನೋಡಿದಳು, ತನ್ನ ಖಾಲಿ ಕೈಗಳನ್ನು ನೋಡಿದಳು. ಆಮೇಲೆ ನಿದ್ದೆಯಿಂದ ಎದ್ದವಳಂತೆ ಏಣಿಯ ಕೋಲಿಗೆ ಕೈ ಹಾಕಿದಳು. ಬೀರು ಒಂದೇ ಮೀಟಿಗೆ ಎದ್ದಿತು. ನನ್ನ ಕಂಕುಳಿಗೆ ಕೈ ಕೊಟ್ಟು ಎಳೆದಳು. ಚೂರುಗಳ ಮೇಲೆಯೇ ನನ್ನನ್ನು ಎಳೆದುಕೊಂಡು ಹೋದಳು, ಅವು ಅಡಿಯಲ್ಲಿ ನುರಿದವು.

ಮೆಟ್ಟಿಲಿನ ತಿರುವಿಗೆ ಬಂದಾಗ ಹಿಂದೆ ಸೂರಿನ ತುಂಡು ಬಿತ್ತು. ಮನೆಯೇ ಬಿದ್ದಿತೇನೋ ಎಂಬಷ್ಟು ಸದ್ದಾಯಿತು. ಧೂಳು ನಮ್ಮನ್ನು ಹಿಂದಿನಿಂದ ತಳ್ಳಿತು. ಅಷ್ಟರಲ್ಲಿ ಭಾವ ಮತ್ತು ಅಗ್ನಿಶಾಮಕದವನು ಕೆಳಗಿನಿಂದ ದಾರಿ ಬಿಡಿಸಿಕೊಂಡು ಬಂದರು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸಂತೆ. ನಾನು ರಸ್ತೆಯಂಚಿನಲ್ಲಿ ಮಲಗಿ ಆಕಾಶ ನೋಡುತ್ತ ಗಳಗಳ ಅತ್ತೆ.

ಆಂಬುಲೆನ್ಸ್ ಬರುವುದಕ್ಕೆ ಮೊದಲು ಡಾಕ್ಟರಮ್ಮ ಬಂದು ನನ್ನ ಮಣಿಕಟ್ಟಿಗೆ ಬಟ್ಟೆ ಸುತ್ತಿದರು. ಹೂದಾನಿಯ ಮಾತನ್ನು ಅವರು ಎತ್ತಲೇ ಇಲ್ಲ. ಎತ್ತಿದವಳು ಅಕ್ಕ. ಎರಡನೆಯದು ನನ್ನ ಕೈಯಿಂದ ಹೋಯಿತು ಎಂದಳು. ನಾನು ಬಾಯಿ ತೆರೆದೆ. ಅವಳು ನನ್ನ ಭುಜ ಒತ್ತಿದಳು. ಹೋದರೆ ಹೋಗಲಿ, ನೀವಿಬ್ಬರೂ ಬಂದಿರಲ್ಲ ಎಂದರು ಡಾಕ್ಟರಮ್ಮ. ಮಾತು ಹೇಳಿ ಮುಖ ಆಚೆ ತಿರುಗಿಸಿಕೊಂಡು ಕಣ್ಣೊರೆಸಿಕೊಂಡರು. ಭಾವನಿಗೆ ನಂಬಿಕೆ ಬರಲಿಲ್ಲ. ನಿನ್ನ ಕೈಯಿಂದಲಾ ಎಂದು ಹೆಂಡತಿಯನ್ನು ಕೇಳಿದರು, ಆಮೇಲೆ ನೀರು ತರುತ್ತೇನೆಂದು ವ್ಯಾನಿನ ಕಡೆ ಹೋದರು.

ನಾವಿಬ್ಬರೇ ಉಳಿದೆವು. ಯಾಕೆ ಹಾಗಂದೆ, ಬೀಳಿಸಿದ್ದು ನಾನಲ್ಲವಾ ಎಂದು ಕೇಳಿದೆ. ನನ್ನ ಮೇಲೆ ಸಿಟ್ಟಿರಬೇಕು, ಸುಳ್ಳು 'ಹಿಡಿದೆ' ಹೇಳಿದ್ದಕ್ಕೆ ಬೈಯುತ್ತಾಳೆ ಎಂದುಕೊಂಡೆ. ಬೈದರೆ ಸಾಕು ಅನ್ನಿಸುತ್ತಿತ್ತು.

"ನೀನು ಹಿಡಿದೆ ಅನ್ನದೆ ಇದ್ದಿದ್ರೆ ನಾನು ಬಿಡ್ತಿರಲಿಲ್ಲ ಕಣೇ," ಎಂದಳು. "ನಿನ್ನ ಮೇಲೆ ಬೀಳೋದು ಕಾಣ್ತಾ ಇತ್ತು. ಆದ್ರೂ ಬಿಡ್ತಿರಲಿಲ್ಲ."

ಅದು ನನಗೆ ಮೇಲೆಯೇ ಗೊತ್ತಾಗಿತ್ತು. ಆದರೂ ಅವಳ ಬಾಯಲ್ಲಿ ಕೇಳಿದಾಗ ಸೂರಿನ ಕೆಳಗಿದ್ದಾಗಿನದಕ್ಕಿಂತ ಹೆಚ್ಚು ಹೆದರಿದೆ.

ಅವಳು ಎರಡು ಕೈಗಳನ್ನೂ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಬೆರಳುಗಳು ಇನ್ನೂ ದುಂಡಗೆ ಬಾಗಿ, ಇಲ್ಲದ ಹೊಟ್ಟೆಯೊಂದನ್ನು ತಬ್ಬಿಕೊಂಡೇ ಇದ್ದವು. ನೆಟ್ಟಗಾಗ್ತಿಲ್ಲ ನೋಡೇ ಎಂದು ಮಗುವಿನ ಹಾಗೆ ನನ್ನ ಮುಂದೆ ಚಾಚಿದಳು. ನಾನು ಸರಿಯಿದ್ದ ಎಡಗೈಯಲ್ಲಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಬಿಡಿಸಿದ ಬೆರಳು, ನಾನು ಮುಂದಿನದಕ್ಕೆ ಹೋಗುವಷ್ಟರಲ್ಲಿ, ಮತ್ತೆ ಬಾಗುತ್ತಿತ್ತು.